ಬೇರೆ ಹೆಸರು, ಬೇರೆ ಬರಹ: ಚಪಡನಿಂದ ಪ್ರಾಣೇಶದಾಸರವರೆಗೆ

ಜಪಾನಿನ ಚಿತ್ರಕಾರ ಹೊಕುಸಾಯ್ (1760–1849) ರಚಿಸಿದ ಸಮುದ್ರದ ಮಹಾ ಅಲೆಯ ಚಿತ್ರ ಇಂದು ಲೋಕಪ್ರಸಿದ್ಧ. 1831ರ ಸುಮಾರಿನ ಆ ಮರದಚ್ಚಿನ ಚಿತ್ರದ ಎಡ ಮೇಲ್ಮೂಲೆಯಲ್ಲಿ ಕಲಾವಿದನ ಸಹಿಯಿದೆ. ಆ ಸಹಿಯು ಕೇವಲ ಒಂದು ಹೆಸರಲ್ಲ. 'ಹೊಕುಸಾಯ್ ಎಂಬ ಹೆಸರನ್ನು ಬದಲಿಸಿ ಇಟ್ಸು ಆದವನ ಕುಂಚ' ಎಂಬರ್ಥದ ಒಂದು ಪುಟ್ಟ ಒಕ್ಕಣೆ. ಈತ ತನ್ನ ದೀರ್ಘ ಜೀವಿತದಲ್ಲಿ ಮೂವತ್ತಕ್ಕೂ ಹೆಚ್ಚು ಹೆಸರುಗಳನ್ನು ಧರಿಸಿದನು. ಗುರು ಶುನ್‌ಶೋ ಅವರ ಹೆಸರಿನ ಮೊದಲ ಭಾಗವನ್ನು ಪಡೆದು ಶುನ್‌ರೋ ಎಂಬ ಹೆಸರಿನಲ್ಲಿ ನಟರ ಚಿತ್ರಗಳನ್ನು ಬರೆದನು. ಸೋರಿ ಎಂಬ ಹೆಸರಿನಲ್ಲಿ ನೀಳ ಮೈಕಟ್ಟಿನ ಸ್ತ್ರೀಯರನ್ನು ಬರೆದನು. ಮುಪ್ಪಿನಲ್ಲಿ 'ಚಿತ್ರದ ಹುಚ್ಚು ಹಿಡಿದ ಮುದುಕ' ಎಂಬರ್ಥದ ಹೆಸರಿಟ್ಟುಕೊಂಡು ಫ್ಯೂಜಿ ಪರ್ವತದ ನೂರು ನೋಟಗಳನ್ನು ಬರೆದನು. ಕಳಚಿದ ಹೆಸರುಗಳಲ್ಲಿ ಕೆಲವನ್ನು ಶಿಷ್ಯರಿಗೆ ಕೊಟ್ಟುಬಿಟ್ಟನು. ಹೆಸರು ಬದಲಾದಾಗಲೆಲ್ಲ ಕೈಯೂ ಹೊಸ ದಾರಿ ಹಿಡಿಯಿತೆಂಬುದನ್ನು ಅವನ ಚಿತ್ರಗಳೇ ತೋರುತ್ತವೆ.

ಇಲ್ಲಿ ಹೆಸರಿನ ಬದಲಾವಣೆ ಮರೆಮಾಚುವಿಕೆಯಲ್ಲ. ಅಲೆಯ ಚಿತ್ರದ ಸಹಿಯಲ್ಲಿ ಹಳೆಯ ಹೆಸರೂ ಹೊಸ ಹೆಸರೂ ಒಟ್ಟಿಗೇ ಇವೆ. ಹೀಗಿರುವಾಗ ಬೇರೆ ಹೆಸರು ಕಲಾವಿದನಿಗೆ ಕೊಡುವುದಾದರೂ ಏನು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆಯನ್ನು ಕೃಷ್ಣಾ–ತುಂಗಭದ್ರೆಗಳ ನಡುವಣ ರಾಯಚೂರು ದೋಆಬಿನಲ್ಲಿಟ್ಟು ನೋಡುವುದು ಫಲದಾಯಕ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಮಾನ್ವಿಗಳ ಈ ಸೀಮೆಯಲ್ಲಿ ಎರಡು ಸಾವಿರ ವರ್ಷಗಳ ಅಂತರದಲ್ಲಿ ಹೆಸರನ್ನೂ ಬರಹದ ರೀತಿಯನ್ನೂ ಕುರಿತ ಎರಡು ಅಪೂರ್ವ ಪ್ರಸಂಗಗಳು ದೊರೆಯುತ್ತವೆ. ಒಂದು ಕಲ್ಲಿನ ಮೇಲಿನದು, ಇನ್ನೊಂದು ಹಾಡಿನದು.

ಇವೆರಡರಲ್ಲಿಯೂ ಬಣ್ಣದ ಚಿತ್ರಕಾರನಿಲ್ಲವಲ್ಲ ಎಂದು ಕೇಳಬಹುದು. ಕನ್ನಡದ ಮಟ್ಟಿಗೆ ಈ ಭೇದ ಅಷ್ಟು ಗಟ್ಟಿಯಾದುದಲ್ಲ. ಅಕ್ಷರವನ್ನೂ 'ಬರೆ'ಯುತ್ತೇವೆ, ಚಿತ್ರವನ್ನೂ 'ಬರೆ'ಯುತ್ತೇವೆ. ಸಂಸ್ಕೃತದ 'ಲಿಖ್' ಧಾತುವಿನ ಗತಿಯೂ ಇದೇ. ಕಲ್ಲಿನ ಮೇಲೆ ಗೆರೆ ಎಳೆಯುವವನು ಲಿಪಿಕಾರನೋ ಚಿತ್ರಕಾರನೋ ಎಂಬುದನ್ನು ಗೆರೆ ಮುಗಿದ ಮೇಲೆ ತಿಳಿಯಬೇಕು.

ಮೊದಲು ಕಲ್ಲಿನ ಪ್ರಸಂಗ. 1915ರಲ್ಲಿ, ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಮಸ್ಕಿಯ ಗುಡ್ಡದಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಎಂಬವರ ಕಣ್ಣಿಗೆ ಒಂದು ಬ್ರಾಹ್ಮೀ ಶಾಸನ ಬಿತ್ತು. ಈ ನೆಲದಲ್ಲಿ ಚಿನ್ನದ ಹುಡುಕಾಟ ಹೊಸತಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಇಳಿದಾಗ ಪ್ರಾಚೀನರು ತೋಡಿದ ಗುಂಡಿಗಳೇ ಅವರಿಗೆ ದಾರಿ ತೋರಿಸಿದ್ದವು. ಬೀಡನ್ನರಿಗೆ ಸಿಕ್ಕಿದ್ದು ಬೇರೊಂದು ಬಗೆಯ ಚಿನ್ನ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಅದನ್ನು ಸಂಪಾದಿಸಿ ಪ್ರಕಟಿಸಿದರು. ಶಾಸನದ ಆರಂಭದಲ್ಲಿಯೇ 'ದೇವಾನಾಂಪ್ರಿಯ' ಎಂಬ ಬಿರುದಿನ ಬೆನ್ನಿಗೆ 'ಅಶೋಕ' ಎಂಬ ಹೆಸರು ಷಷ್ಠೀ ವಿಭಕ್ತಿಯಲ್ಲಿ ಕಾಣಿಸಿಕೊಂಡಿತು.

ಇದರ ಮಹತ್ತ್ವ ಅರಿಯಲು ಸುಮಾರು ಎಂಟು ದಶಕ ಹಿಂದೆ ಹೋಗಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ, ಉತ್ತರದ ಕಂಬಗಳಲ್ಲಿಯೂ ಬಂಡೆಗಳಲ್ಲಿಯೂ ಮಾತನಾಡುತ್ತಿದ್ದವನು 'ದೇವಾನಾಂಪ್ರಿಯ ಪ್ರಿಯದರ್ಶಿ' ಎಂಬ ರಾಜ. ಈತನಾರು? ಪ್ರಿನ್ಸೆಪ್ ಮೊದಲು ಸಿಂಹಳದ ದೇವಾನಾಂಪ್ರಿಯ ತಿಸ್ಸನೆಂದು ಭಾವಿಸಿದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರ್ ಪಾಲಿಯ 'ದೀಪವಂಸ'ದ ಆಧಾರದಿಂದ ಪ್ರಿಯದರ್ಶಿಯೆಂದರೆ ಚಂದ್ರಗುಪ್ತನ ಮೊಮ್ಮಗನಾದ ಅಶೋಕನೆಂದು ಸೂಚಿಸಿದರು. ಈ ಸಮೀಕರಣವನ್ನು ವಿದ್ವಾಂಸರು ಒಪ್ಪಿ ನಡೆದರು. ಆದರೆ ಅದು ಗ್ರಂಥದಿಂದ ಬಂದ ಅನುಮಾನವೇ ಹೊರತು ಕಲ್ಲಿನ ಮಾತಾಗಿರಲಿಲ್ಲ. ಮಸ್ಕಿಯು ಅದನ್ನು ಕಲ್ಲಿನ ಮಾತಾಗಿಸಿತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿಯೂ, ಸಿಂಧನೂರಿನಿಂದ ದಕ್ಷಿಣಕ್ಕೆ ನಡೆದು ತುಂಗಭದ್ರೆಯನ್ನು ದಾಟಿದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅಶೋಕನ ಹೆಸರುಳ್ಳ ಪಾಠಗಳು ದೊರೆತವು. ಹೆಸರನ್ನು ಬಿಚ್ಚಿ ಹೇಳಿದ ನಾಲ್ಕು ತಾಣಗಳಲ್ಲಿ ಮೂರು ಈ ನದಿಯ ಇಕ್ಕೆಲದಲ್ಲಿವೆಯೆಂಬುದು ಯೋಚಿಸಬೇಕಾದ ಸಂಗತಿ.

ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ಮಸ್ಕಿಯ ಬಂಡೆಯನ್ನು ರಾಜನ ಗುರುತಿನ ಚೀಟಿಯಂತೆ ಬಳಸಿ ಕೈಬಿಡುವುದು ರೂಢಿಯಾಗಿದೆ. ಆದರೆ ಒಂದೇ ಆಜ್ಞೆಯ ಹಲವು ಪ್ರತಿಗಳಲ್ಲಿ ಒಂದೆಡೆ ಬಿರುದು ಮಾತ್ರ, ಇನ್ನೊಂದೆಡೆ ಬಿರುದಿನೊಡನೆ ಹೆಸರು ಇರುವುದಾದರೆ, ಆ ವ್ಯತ್ಯಾಸ ರಾಜನದಲ್ಲ, ಪ್ರತಿಯನ್ನು ಸಿದ್ಧಪಡಿಸಿದವರದು. ಮಸ್ಕಿಯ ಪಾಠದಲ್ಲಿ ಇಂಥ ಮತ್ತೊಂದು ಗುರುತಿದೆ. ಇತರ ಪ್ರತಿಗಳು ರಾಜನನ್ನು ಉಪಾಸಕನೆಂದು ಕರೆಯುವ ಎಡೆಯಲ್ಲಿ ಮಸ್ಕಿಯು 'ಬುಧಶಕೆ', ಎಂದರೆ ಬುದ್ಧನ ಅನುಯಾಯಿ ಎಂಬಂಥ ಪದವನ್ನಿಡುತ್ತದೆ. ಕಳುಹಿಸಿದ ಒಕ್ಕಣೆಯನ್ನು ಕಲ್ಲಿಗಿಳಿಸುವ ದಾರಿಯಲ್ಲಿ ಯಾರೋ ಒಬ್ಬನ ಆಯ್ಕೆ ಕೆಲಸ ಮಾಡಿದೆ. ಅವನು ರಾಜನ ಮುಚ್ಚಿದ ಹೆಸರನ್ನು ತೆರೆದನು. ತನ್ನ ಹೆಸರನ್ನು ಬರೆಯಲಿಲ್ಲ.

ಇದಕ್ಕೆ ನೇರ ವಿರುದ್ಧವಾದ ದೃಶ್ಯ ದಕ್ಷಿಣದಲ್ಲಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಪ್ರತಿಗಳಲ್ಲಿ ಅಶೋಕನ ಹೆಸರಿಲ್ಲ, ದೇವಾನಾಂಪ್ರಿಯ ಎಂಬ ಬಿರುದೊಂದೇ ಇದೆ. ಆದರೆ ಬರೆದವನ ಹೆಸರಿದೆ: ಚಪಡ. ಬ್ರಹ್ಮಗಿರಿಯ ಶಾಸನದ ಕೊನೆಯಲ್ಲಿ, ಇದನ್ನು ಚಪಡನೆಂಬ ಲಿಪಿಕಾರ ಬರೆದನೆಂಬ ಮೂರು ಪದಗಳ ವಾಕ್ಯವಿದೆ. ಮೊದಲೆರಡು ಪದಗಳು ಬ್ರಾಹ್ಮಿಯಲ್ಲಿವೆ. 'ಲಿಪಿಕರೇಣ' ಎಂಬ ಮೂರನೆಯ ಪದ ಮಾತ್ರ ಖರೋಷ್ಠಿಯಲ್ಲಿದೆ.

ಖರೋಷ್ಠಿ ಬಲದಿಂದ ಎಡಕ್ಕೆ ಸಾಗುವ ಲಿಪಿ. ವಾಯವ್ಯದ ಗಾಂಧಾರ ಪ್ರದೇಶದ್ದು. ಅಶೋಕನ ಶಾಸನಗಳಲ್ಲಿ ಶಹಬಾಜ್‌ಗಢಿ, ಮಾನ್ಸೆಹ್ರಾಗಳ ಬಂಡೆಗಳು ಈ ಲಿಪಿಯಲ್ಲಿವೆ. ಅವೆರಡೂ ಇಂದಿನ ಪಾಕಿಸ್ತಾನದಲ್ಲಿವೆ. ಮೊಳಕಾಲ್ಮೂರು ಸೀಮೆಯ ಕಲ್ಲುಗುಡ್ಡದಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ ಇದ್ದಿರಬಹುದು? ಬ್ರಾಹ್ಮಿಯನ್ನೇ ಓದಿ ಹೇಳಲು ಅಧಿಕಾರಿಗಳು ಬೇಕಾಗಿದ್ದ ಕಾಲವದು. ಆದ್ದರಿಂದ ಆ ಪದ ಓದುಗರಿಗಾಗಿ ಬರೆದುದಲ್ಲ. ವಾಯವ್ಯದಲ್ಲಿ ವಿದ್ಯೆ ಕಲಿತವನೊಬ್ಬನು ಇಲ್ಲಿಯವರೆಗೆ ನಡೆದು ಬಂದ ಗುರುತದು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಎರಡು ಲಿಪಿಗಳಲ್ಲಿ ತನಗಿದ್ದ ಪರಿಣತಿಯನ್ನು ಮೆರೆಯಲು ಹಾಗೆ ಬರೆದನೆಂದು ಹೇಳುವವರೂ ಉಂಟು. ಎರಡು ಮಾತುಗಳೂ ಒಂದನ್ನೊಂದು ಅಲ್ಲಗಳೆಯುವುದಿಲ್ಲ.

ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಚಪಡನು ತನ್ನ ಅಂಕಿತನಾಮವನ್ನು ರಾಜಾಜ್ಞೆಯ ಲಿಪಿಯಲ್ಲಿಯೇ ಬರೆದನು. ಲಿಪಿ ಬದಲಿಸಿದ್ದು ವೃತ್ತಿಯ ಹೆಸರಿಗೆ ಬಂದಾಗ. ಚಪಡನೆಂಬ ವ್ಯಕ್ತಿ ಆಸ್ಥಾನದ ಸೇವಕ. ಲಿಪಿಕಾರನೆಂಬವನು ತನ್ನ ಕಸುಬಿನ ಒಡೆಯ. ಈ ಎರಡನೆಯ ಹೆಸರಿನಡಿ ಅವನ ಕೈ ಬೇರೆ ದಿಕ್ಕಿಗೆ ತಿರುಗಿತು. ಅಕ್ಷರಶಃ, ಎಡದಿಂದ ಬಲಕ್ಕೆ ಹೋಗುತ್ತಿದ್ದುದು ಬಲದಿಂದ ಎಡಕ್ಕೆ ಬಂತು. 'ಲಿಪಿ' ಎಂಬ ಪದವೇ ಪ್ರಾಚೀನ ಪಾರಸಿಯ 'ದಿಪಿ'ಯಿಂದ ಬಂದುದೆಂಬುದನ್ನೂ, ಶಹಬಾಜ್‌ಗಢಿಯ ಪ್ರತಿಯಲ್ಲಿ ಈಗಲೂ 'ದಿಪಿ' ಎಂದೇ ಇರುವುದನ್ನೂ ನೆನೆದರೆ, ಆ ಪದವನ್ನು ತನ್ನ ಕಲಿಕೆಯ ನಾಡಿನ ಅಕ್ಷರದಲ್ಲಿ ಬರೆದುದು ಆಕಸ್ಮಿಕವೆನಿಸುವುದಿಲ್ಲ.

ಇಂಥ ಕೈ ಅದೊಂದೇ ಅಲ್ಲ. ಕರ್ನೂಲು ಜಿಲ್ಲೆಯ ಎರ್ರಗುಡಿಯ ಲಘುಶಾಸನದಲ್ಲಿ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ ಸಾಗುತ್ತವೆ, ಎತ್ತು ಉಳುತ್ತ ಹೊಲದ ಬದುವಿನಲ್ಲಿ ತಿರುಗುವ ಹಾಗೆ. ಅಲ್ಲಿ ಲಿಪಿ ಬ್ರಾಹ್ಮಿಯೇ. ಅಭ್ಯಾಸ ಮಾತ್ರ ಬೇರೆಯದು. ಬ್ರಹ್ಮಗಿರಿಯ ಆಜ್ಞೆ ಹೊರಟದ್ದು ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಂದ ಮತ್ತು ಮಹಾಮಾತ್ರರಿಂದ ಎಂದು ಆ ಶಾಸನವೇ ಹೇಳುತ್ತದೆ. ಸುವರ್ಣಗಿರಿ ಯಾವುದೆಂಬ ಬಗ್ಗೆ ಚರ್ಚೆಯುಂಟು: ಎರ್ರಗುಡಿಯ ಬಳಿಯ ಜೊನ್ನಗಿರಿಯೆನ್ನುವವರಿದ್ದಾರೆ, ಕನಕಗಿರಿಯೆನ್ನುವವರಿದ್ದಾರೆ, ಮಸ್ಕಿಯ ಪರಿಸರವೆನ್ನುವವರಿದ್ದಾರೆ. ಮೂರೂ ಚಿನ್ನದ ನೆಲದ ನೆನಪುಳ್ಳ ತಾಣಗಳು. ರಾಜನ ಹೆಸರನ್ನು ಬಿಚ್ಚಿಟ್ಟ ಮಸ್ಕಿಯ ಅನಾಮಿಕನೂ, ತನ್ನ ಹೆಸರನ್ನು ಬಿಚ್ಚಿಟ್ಟ ಚಪಡನೂ ಒಂದೇ ಆಡಳಿತದ ನೆರಳಿನಲ್ಲಿ ದುಡಿದವರೆಂದು ಹೇಳುವುದಕ್ಕೆ ಅಡ್ಡಿಯಿಲ್ಲ.

ಚಪಡನ ಬಳಿಕ ಕರ್ನಾಟಕದ ಕಲ್ಲುಕೆಲಸಗಾರರು ಸಹಿ ಮಾಡುವುದನ್ನು ಬಿಡಲಿಲ್ಲ. ಹೊಯ್ಸಳರ ಕಾಲದ ಮಲ್ಲಿತಮ್ಮನು ನುಗ್ಗೇಹಳ್ಳಿಯಿಂದ ಸೋಮನಾಥಪುರದವರೆಗೆ ತನ್ನ ಹೆಸರನ್ನು ಕೆಲವೆಡೆ ಪೂರ್ಣವಾಗಿಯೂ ಕೆಲವೆಡೆ ಸಂಕ್ಷೇಪಿಸಿಯೂ ಕೊರೆದಿದ್ದಾನೆ. ಬಣ್ಣದವರ ಕಥೆ ಬೇರೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮೇಲ್ಛಾವಣಿಯ ಚಿತ್ರಗಳಲ್ಲಿ ಬರೆದವರ ಹೆಸರಿಲ್ಲ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಗೊಂಬೆಗಳನ್ನು ಕಡೆದು ಬಣ್ಣ ಹಚ್ಚುವ ಚಿತ್ರಗಾರ ಮನೆತನಗಳಲ್ಲಿ 'ಚಿತ್ರಗಾರ' ಎಂಬುದು ಕುಲದ ಹೆಸರೂ ಕಸುಬಿನ ಹೆಸರೂ ಹೌದು. ಇಡೀ ಮನೆತನವೇ ಒಂದು ಹೆಸರಿನಡಿ ದುಡಿಯುವಲ್ಲಿ ಒಬ್ಬನು ಮತ್ತೊಂದು ಹೆಸರು ಧರಿಸಿ ಬೇರೆ ರೀತಿಯನ್ನು ಪರೀಕ್ಷಿಸುವ ಅವಕಾಶ ವಿರಳ. ಆ ಅವಕಾಶವನ್ನು ಈ ಸೀಮೆಯಲ್ಲಿ ಪಡೆದವರು ಹಾಡುಗಾರರು.

ಕನ್ನಡದಲ್ಲಿ ಬೇರೆ ಹೆಸರಿಗೆ ಹಲವು ಮುಖಗಳಿವೆ. ಬಿರುದು ಪರರು ಕೊಡುವುದು; ರನ್ನನು ಕವಿಚಕ್ರವರ್ತಿಯಾದುದು ಹಾಗೆ. ಕಾವ್ಯನಾಮ ಕವಿ ತಾನೇ ಧರಿಸುವುದು. ಬೇಂದ್ರೆಯವರು ಅಂಬಿಕಾತನಯದತ್ತರಾದಾಗ ಕವಿತೆ ಬರೆಯುವವನೇ ಬೇರೆ, ವಿಮರ್ಶೆ ಬರೆಯುವವನೇ ಬೇರೆ ಎಂಬ ವಿಂಗಡಣೆ ಅದರಲ್ಲಿತ್ತು. ಅಂಕಿತ ಇವೆರಡರಿಂದಲೂ ಭಿನ್ನ. ಅದು ದೈವದ ಹೆಸರು, ಗುರುವಿನಿಂದ ಬಂದುದು, ಪ್ರತಿ ರಚನೆಯ ಕೊನೆಯಲ್ಲಿ ಮುದ್ರೆಯಾಗಿ ನಿಲ್ಲುವುದು. ಆಧುನಿಕರು ಅಂಕಿತವನ್ನು ಗುಪ್ತನಾಮವೆಂದು ಭಾಷಾಂತರಿಸಿದಾಗ ಅರ್ಥ ಕೆಡುತ್ತದೆ. ಅಲ್ಲಿ ಗುಪ್ತವಾದುದೇನೂ ಇಲ್ಲ.

ಹದಿನೆಂಟನೆಯ ಶತಮಾನದ ರಾಯಚೂರು ಸೀಮೆ ಈ ಅಂಕಿತಗಳ ತವರು. ಮಾನ್ವಿ ತಾಲೂಕಿನ ಚೀಕಲಪರವಿಯ ದಾಸಪ್ಪ 'ವಿಜಯವಿಠಲ' ಅಂಕಿತದಿಂದ ವಿಜಯದಾಸರಾದರು (1682–1755). ದೇವದುರ್ಗ ತಾಲೂಕಿನ ಮೊಸರಕಲ್ಲಿನ ಭಾಗಣ್ಣ 'ಗೋಪಾಲವಿಠಲ' ಅಂಕಿತದಿಂದ ಗೋಪಾಲದಾಸರಾದರು. ಮೂರನೆಯವರು ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಶ್ರೀನಿವಾಸಾಚಾರ್ಯರು (1728–1809). ಈ ಲೇಖನದ ಪ್ರಶ್ನೆಗೆ ಅತಿ ಹತ್ತಿರದ ಉದಾಹರಣೆ ಇವರದು.

ಶ್ರೀನಿವಾಸಾಚಾರ್ಯರು ಮಂತ್ರಾಲಯದಲ್ಲಿ ವರದೇಂದ್ರತೀರ್ಥರ ಬಳಿ ಶಾಸ್ತ್ರಾಧ್ಯಯನ ಮಾಡಿದ ಸಂಸ್ಕೃತ ಪಂಡಿತರು. ಸಂಪ್ರದಾಯ ಹೇಳುವ ಕಥೆ ಎಲ್ಲರಿಗೂ ತಿಳಿದುದೇ. ಕನ್ನಡದಲ್ಲಿ ಹಾಡುವ ದಾಸರನ್ನು ಅವರು ಲಘುವಾಗಿ ಕಂಡರು. ವಿಜಯದಾಸರ ಆಮಂತ್ರಣವನ್ನು ಅನಾರೋಗ್ಯದ ನೆಪವೊಡ್ಡಿ ತಿರಸ್ಕರಿಸಿದರು. ನೆಪವೇ ನಿಜವಾಗಿ ಉದರವ್ಯಾಧಿ ಬಾಧಿಸಿತು. ವಿಜಯದಾಸರು ಅವರನ್ನು ಗೋಪಾಲದಾಸರ ಬಳಿಗೆ ಕಳುಹಿದರು; ಗೋಪಾಲದಾಸರು ತಮ್ಮ ಆಯುಷ್ಯದ ನಲವತ್ತು ವರ್ಷಗಳನ್ನು ದಾನ ಮಾಡಿದರು; ಪಂಢರಪುರದ ಚಂದ್ರಭಾಗೆಯಲ್ಲಿ 'ಜಗನ್ನಾಥವಿಠಲ' ಎಂಬ ಅಂಕಿತ ದೊರೆಯಿತು. ಪವಾಡಾಂಶವನ್ನು ಭಕ್ತರಿಗೆ ಬಿಟ್ಟು ಸಾಹಿತ್ಯಚರಿತ್ರೆಯ ಕಣ್ಣಿನಿಂದ ನೋಡಿದರೆ, ಆ ಕಥೆಯ ತಿರುಳು ಭಾಷೆಯ ಬಿಕ್ಕಟ್ಟು. ಪಂಡಿತನೊಬ್ಬನು ತಾನು ಹೀಗಳೆದ ರೀತಿಯಲ್ಲಿಯೇ ಬರೆಯಬೇಕಾಗಿ ಬಂದಾಗ, ಹಳೆಯ ಹೆಸರಿನ ಪ್ರತಿಷ್ಠೆ ಅಡ್ಡ ಬರುತ್ತದೆ. ಶ್ರೀನಿವಾಸಾಚಾರ್ಯರೆಂಬ ಹೆಸರಿಗೆ ಒಂದು ಸಭೆಯಿತ್ತು, ಆ ಸಭೆಗೆ ಒಂದು ನಿರೀಕ್ಷೆಯಿತ್ತು. ಜಗನ್ನಾಥವಿಠಲನೆಂಬ ಹೆಸರಿಗೆ ಇನ್ನೂ ಯಾವ ಸಭೆಯೂ ಇರಲಿಲ್ಲ.

ಹೊಸ ಹೆಸರಿನಡಿ ಅವರು ಬರೆದ 'ಹರಿಕಥಾಮೃತಸಾರ' ಭಾಮಿನೀ ಷಟ್ಪದಿಯಲ್ಲಿದೆ. ಕುಮಾರವ್ಯಾಸನು ಕಥನಕ್ಕಾಗಿ ಪಳಗಿಸಿದ ಆ ಛಂದಸ್ಸನ್ನು ಇವರು ದ್ವೈತಸಿದ್ಧಾಂತದ ನಿರೂಪಣೆಗೆ ತಿರುಗಿಸಿದರು. ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ದಾಸರಾದೊಡನೆ ಪಂಡಿತನು ಕರಗಿಹೋದನೆಂಬ ಭಾವುಕ ವಿವರಣೆ ಈ ಕೃತಿಯ ಮುಂದೆ ನಿಲ್ಲುವುದಿಲ್ಲ. 'ಹರಿಕಥಾಮೃತಸಾರ' ಸುಲಭದ ಕೃತಿಯಲ್ಲ. ಪಾರಿಭಾಷಿಕ ಪದಗಳ ದಟ್ಟಣೆಯಿಂದ, ಸಂಖ್ಯಾಸಂಕೇತಗಳಿಂದ, ದೇವತಾತಾರತಮ್ಯದ ಸೂಕ್ಷ್ಮಗಳಿಂದ ಅದು ವ್ಯಾಖ್ಯಾನವಿಲ್ಲದೆ ಬಿಚ್ಚಿಕೊಳ್ಳದು. ಸಂಧಿಯಿಂದ ಸಂಧಿಗೆ ಮಂತ್ರಾಲಯದ ವಿದ್ಯಾರ್ಥಿಯೇ ಮಾತನಾಡುತ್ತಾನೆ, ಕನ್ನಡದಲ್ಲಿ. ಹೊಕುಸಾಯ್‌ನ ಸಹಿಯಲ್ಲಿ ಹಳೆಯ ಹೆಸರು ಉಳಿದಂತೆ ಇಲ್ಲಿಯೂ ಶ್ರೀನಿವಾಸಾಚಾರ್ಯರು ಉಳಿದಿದ್ದಾರೆ.

ನಿಜವಾದ ಶೈಲಿಭೇದ ಕಾಣಬೇಕಾದರೆ 'ತತ್ತ್ವಸುವ್ವಾಲಿ'ಗೆ ಬರಬೇಕು. ಸುವ್ವಿ ಒನಕೆವಾಡು, ಕುಟ್ಟುವ ಹೆಂಗಸರ ಉಸಿರಿಗೂ ಒನಕೆಯ ಏರಿಳಿತಕ್ಕೂ ಹೊಂದಿದ ಮಟ್ಟು. ಜಗನ್ನಾಥದಾಸರು ಆ ತ್ರಿಪದಿಯ ಜಾಡಿನಲ್ಲಿ ದೇವತಾಸ್ತುತಿಯನ್ನೂ ತತ್ತ್ವವನ್ನೂ ಹೇಳಿದರು. ಸಾಲು ಗಿಡ್ಡವಾಯಿತು, ಸಮಾಸ ಸಡಿಲಿತು, ಮಾತು ಮನೆಯ ಪಡಸಾಲೆಗೆ ಬಂತು. ಅಂಕಿತ ಒಂದೇ, ಕೈ ಎರಡು. ವಿದ್ವಾಂಸರ ಮುಂದೆ ಷಟ್ಪದಿ, ಒರಳಿನ ಮುಂದೆ ಸುವ್ವಿ. ಹೆಸರು ಬದಲಾದುದು ಒಮ್ಮೆ ಮಾತ್ರ. ಬಾಗಿಲು ತೆರೆದ ಮೇಲೆ ಒಳಗಿನ ಕೋಣೆಗಳನ್ನು ತೀರ್ಮಾನಿಸಿದವರು ಕೇಳುಗರು. ಸಾಹಿತ್ಯಚರಿತ್ರೆಗಳು 'ಹರಿಕಥಾಮೃತಸಾರ'ಕ್ಕೆ ಪುಟಗಳನ್ನು ಮೀಸಲಿಟ್ಟು 'ತತ್ತ್ವಸುವ್ವಾಲಿ'ಯನ್ನು ಒಂದು ವಾಕ್ಯದಲ್ಲಿ ಮುಗಿಸುವುದು ನ್ಯಾಯವಲ್ಲ. ಪ್ರಯೋಗದ ದೃಷ್ಟಿಯಿಂದ ದೊಡ್ಡ ಜಿಗಿತ ಎರಡನೆಯದರಲ್ಲಿಯೇ ಇದೆ. ಸಂಸ್ಕೃತದಿಂದ ಷಟ್ಪದಿಗೆ ಬರುವುದು ಒಂದು ಪಾಂಡಿತ್ಯದಿಂದ ಮತ್ತೊಂದು ಪಾಂಡಿತ್ಯಕ್ಕೆ ಬರುವುದು; ಷಟ್ಪದಿಯಿಂದ ಒನಕೆವಾಡಿಗೆ ಬರುವುದು ಪಾಂಡಿತ್ಯದ ಹೊಸ್ತಿಲು ದಾಟುವುದು.

ಜಗನ್ನಾಥದಾಸರ ಬಾಗಿಲಿಗೆ ಬಂದವರಲ್ಲಿ ಕಸಬಾ ಲಿಂಗಸುಗೂರಿನವರೊಬ್ಬರಿದ್ದರು. ಅವರಿಗೆ 'ಪ್ರಾಣೇಶವಿಠಲ' ಎಂಬ ಅಂಕಿತವಾಯಿತು; ಪ್ರಾಣೇಶದಾಸರೆಂಬ ಹೆಸರೇ ಜನರಲ್ಲಿ ನಿಂತಿತು. ಗುರುವಿನ ಹೆಸರಿನ ತುಣುಕನ್ನು ಶಿಷ್ಯನಿಗೆ ಕೊಡುವ ಜಪಾನಿನ ಕಾರ್ಯಾಗಾರಗಳ ಪದ್ಧತಿಗೆ ಹೋಲುವ ರೀತಿ ಇಲ್ಲಿ ಇನ್ನೂ ವಿಸ್ತಾರವಾಗಿ ಬೆಳೆಯಿತು. ಪುರಂದರವಿಠಲ, ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ, ಪ್ರಾಣೇಶವಿಠಲ ಎಂದು ಸಾಗಿದ ಸಾಲಿನಲ್ಲಿ 'ವಿಠಲ' ಎಲ್ಲರಿಗೂ ಸಮಾನ, ಮೊದಲ ಪದ ಒಬ್ಬೊಬ್ಬರದು. ಪ್ರಾಣೇಶದಾಸರ ತರುವಾಯ ಪದ್ಧತಿ ಇನ್ನೊಂದು ಹೆಜ್ಜೆ ಇಟ್ಟಿತು. ಅವರ ಪರಂಪರೆಯ ಅಂಕಿತಗಳು 'ಗುರುಪ್ರಾಣೇಶವಿಠಲ', 'ಶ್ರೀಶಪ್ರಾಣೇಶವಿಠಲ' ಎಂದು ಗುರುವಿನ ಅಂಕಿತವನ್ನೇ ಒಡಲಲ್ಲಿಟ್ಟುಕೊಂಡವು. ಹಸ್ತಪ್ರತಿಗಳನ್ನು ವಿಂಗಡಿಸುವ ಸಂಶೋಧಕರಿಗೆ ಇದೊಂದು ವರವೂ ತೊಡಕೂ ಹೌದು: ಹಾಡಿನ ಕೊನೆಯ ಸಾಲು ಕವಿಯ ವಂಶವೃಕ್ಷವನ್ನು ಹೇಳುತ್ತದೆ, ಆದರೆ ಲಿಪಿಕಾರನು 'ಗುರು' ಅಥವಾ 'ಶ್ರೀಶ' ಎಂಬ ಒಂದು ಪದ ಬಿಟ್ಟರೆ ಶಿಷ್ಯನ ಹಾಡು ಗುರುವಿನ ಲೆಕ್ಕಕ್ಕೆ ಜಮೆಯಾಗುತ್ತದೆ.

ಹೀಗೆ ಮತ್ತೆ ಲಿಪಿಕಾರನ ಬಳಿಗೇ ಬರಬೇಕಾಗುತ್ತದೆ. ದಾಸರ ಹಾಡುಗಳನ್ನು ಓಲೆಗೂ ಕಾಗದಕ್ಕೂ ಇಳಿಸಿದ ಕೈಗಳು ಅನೇಕ. ಹಾಡಿನ ಮುದ್ರೆಯಲ್ಲಿ ಅವರಿಗೆ ಎಡೆಯಿಲ್ಲ. ಮಸ್ಕಿಯ ಬಂಡೆಯ ಮೇಲೆ ರಾಜನ ಹೆಸರನ್ನು ಬರೆದವನ ಸ್ಥಿತಿಯೂ ಅದೇ. ಬಂಡೆಯ ಆ ಮೊದಲ ಸಾಲನ್ನು ನೋಡಲು ಇಂದಿಗೂ ವಿದ್ಯಾರ್ಥಿಗಳು ಬಸ್ಸಿಳಿದು ಗುಡ್ಡ ಹತ್ತುತ್ತಾರೆ, ಅಶೋಕನ ಹೆಸರಿನ ಮೂರು ಅಕ್ಷರಗಳನ್ನು ಬೆರಳಿಟ್ಟು ಗುರುತಿಸುತ್ತಾರೆ. ಬ್ರಹ್ಮಗಿರಿಗೆ ಹೋದವರು ಕೊನೆಯ ಸಾಲಿನತ್ತ ಬಾಗಿ, ಬಲದಿಂದ ಎಡಕ್ಕೆ ಬರೆದ ಐದು ಅಕ್ಷರಗಳನ್ನೂ ಹುಡುಕಬೇಕು.